ನೂರಕ್ಕೆ ನೂರು ಹಸಿರು ಕರೆಂಟು: ಲೆಕ್ಕ ನೋಡುವುದು ಹೇಗೆ?



ಈಚೆಗೆ ಶರಾವತಿ ಹಿನ್ನೀರಿನ ಕಡೆಯ ಒಂದು ಹಳ್ಳಿಗೆ ಒಕ್ಕೂಟದ ಸಭೆಗೆಂದು ಹೋಗಿದ್ದೆ. ಉಳಿತಾಯ ಕಟ್ಟಿ, ಸಾಲ ಮರುಪಾವತಿ ಮುಗಿಸಿ, ನಿರ್ಣಯ ಪುಸ್ತಕಕ್ಕೆ ಸಹಿ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮೊಬೈಲ್ ಬೆಳಕಿನಲ್ಲೇ ಸಹಿ ಹಾಕಿದೆವು. ಆಗ ಒಬ್ಬ ಸದಸ್ಯೆ ಕೇಳಿದರು: "ಸಿಸ್ಟರ್, ನನ್ನ ಮಗಳು ಬೆಂಗಳೂರಲ್ಲಿ ಆಫೀಸ್ ಕೆಲಸಕ್ಕಿದ್ದಾಳೆ. ಅವರ ಕಟ್ಟಡ ನೂರಕ್ಕೆ ನೂರು ಸೂರ್ಯನ ಕರೆಂಟಲ್ಲೇ ನಡೀತದೆ ಅಂತ ಬೋರ್ಡ್ ಹಾಕಿದಾರಂತೆ. ಆದ್ರೆ ಕಟ್ಟಡದ ಮೇಲೆ ಒಂದು ಸೋಲಾರ್ ಪ್ಲೇಟೂ ಇಲ್ವಂತೆ. ರಾತ್ರಿ ಪಾಳೀಲೂ ದೀಪ ಉರೀತದಂತೆ. ಇದು ಹೆಂಗೆ?"

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ನಮ್ಮ ಊರು ಮುಳುಗಿಸಿ ಮಾಡಿದ ನೀರಿನ ಕರೆಂಟು ಸಾಲದೂಂತ ಅವ್ರಿಗೆ ಸೂರ್ಯಂದೂ ಸಿಕ್ತಾ?" ಅಂದರು. ಎಲ್ಲರೂ ನಕ್ಕರು. ಆದರೆ ಇಬ್ಬರು ಕೇಳಿದ್ದೂ ದೊಡ್ಡ ಪ್ರಶ್ನೆಯೇ. ಇಡೀ ಒಂದು ನಗರ ಕಲ್ಲಿದ್ದಲು ಬಿಟ್ಟು ಸೂರ್ಯ, ಗಾಳಿ, ನೀರಿನ ವಿದ್ಯುತ್ತಿನಲ್ಲೇ ನಡೆಯಬಹುದೇ? ಯಾವ ದಾರಿಯಲ್ಲಿ? ಆ ದಾರಿ ಸರಿಯೋ ತಪ್ಪೋ ಅಂತ ನೋಡುವುದು ಹೇಗೆ? ಈ ಸಲ ಅದನ್ನೇ ಬರೆಯುತ್ತಿದ್ದೇನೆ. ಇದು ಇಂಜಿನಿಯರುಗಳ ವಿಷಯ ಅಂತ ಪುಟ ಮಗುಚಬೇಡಿ. ಸಂಘದ ಲೆಕ್ಕ ಪುಸ್ತಕ ನೋಡಲು ಬರುವವರಿಗೆ ಈ ಲೆಕ್ಕವೂ ಬರುತ್ತದೆ.

ಕರೆಂಟು ಡೇರಿ ಹಾಲಿನ ಹಾಗೆ

ಬೆಳಿಗ್ಗೆ ನಾವು ಡೇರಿಗೆ ಹಾಲು ಹಾಕುತ್ತೇವೆ. ನಿಮ್ಮ ಎಮ್ಮೆಯ ಹಾಲು, ಪಕ್ಕದ ಮನೆ ಹಸುವಿನ ಹಾಲು ಎಲ್ಲವೂ ಒಂದೇ ಕ್ಯಾನಿಗೆ ಹೋಗುತ್ತದೆ. ಪೇಟೆಯಲ್ಲಿ ಪ್ಯಾಕೆಟ್ ಕೊಂಡವರಿಗೆ ಅದು ಯಾರ ಹಸುವಿನದ್ದು ಅಂತ ಹೇಳಲು ಆಗುವುದಿಲ್ಲ. ವಿದ್ಯುತ್ ಜಾಲವೂ ಹೀಗೆಯೇ. ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು, ಎಲ್ಲದರ ಕರೆಂಟೂ ಒಂದೇ ತಂತಿ ಜಾಲಕ್ಕೆ ಬಂದು ಸೇರುತ್ತದೆ. ನಿಮ್ಮ ಮನೆಯ ಬಲ್ಬಿಗೆ ಬಂದದ್ದು ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಹಾಲನ್ನು ತಣ್ಣಗೆ ಇಟ್ಟು ನಾಳೆ ಮಾರಬಹುದು. ಕರೆಂಟನ್ನು ಹಾಗೆ ಸುಮ್ಮನೆ ಇಡಲು ಆಗುವುದಿಲ್ಲ. ಜಾಲದಲ್ಲಿ ಯಾವ ಕ್ಷಣಕ್ಕೆ ಎಷ್ಟು ಬೇಕೋ ಆ ಕ್ಷಣಕ್ಕೆ ಅಷ್ಟೇ ತಯಾರಾಗಬೇಕು. ಬ್ಯಾಟರಿಯಲ್ಲೋ, ಎತ್ತರದ ಅಣೆಕಟ್ಟೆಯ ನೀರಿನ ರೂಪದಲ್ಲೋ ಕೂಡಿಡಬಹುದು, ಆದರೆ ಅದಕ್ಕೆ ಬೇರೆ ಖರ್ಚು ಇದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ "ನಮ್ಮದು ನೂರಕ್ಕೆ ನೂರು ಹಸಿರು ಕರೆಂಟು" ಅಂದರೆ ಏನರ್ಥ? ಆ ಕಟ್ಟಡಕ್ಕೆ ಬೇರೆ ತಂತಿ ಎಳೆದಿದ್ದಾರೆ ಅಂತಲ್ಲ. ವರ್ಷದಲ್ಲಿ ತಾವು ಬಳಸಿದಷ್ಟು ಯೂನಿಟ್ಟುಗಳನ್ನು ಎಲ್ಲೋ ಒಂದು ಕಡೆ ಸೂರ್ಯನಿಂದಲೋ ಗಾಳಿಯಿಂದಲೋ ತಯಾರು ಮಾಡಿಸಿ ಜಾಲಕ್ಕೆ ಹಾಕಿಸಿದ್ದೇವೆ ಅಂತ. ಅಂದ್ರೆ ಅದು ಒಂದು ಲೆಕ್ಕ. ಲೆಕ್ಕ ಅಂದ ಮೇಲೆ ತಪಾಸಣೆ ಬೇಕು, ಅಲ್ವಾ?

ಬೆಂಗಳೂರಿನ ಹಳೆಯ ಕಥೆ

ನಿಮಗೆ ಗೊತ್ತಿರಲಿ, ಬೆಂಗಳೂರು ಒಂದು ಕಾಲದಲ್ಲಿ ನೀರಿನ ಕರೆಂಟಿನಿಂದಲೇ ಬೆಳಗುತ್ತಿತ್ತು. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಕೆ ಶುರುವಾಯಿತು. ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆಮೇಲೆ 1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಅದರ ಹಿಂದೆಯೇ ಶರಾವತಿ ಯೋಜನೆ. ರಾಜ್ಯದ ಮೊದಲ ಕಲ್ಲಿದ್ದಲು ವಿದ್ಯುತ್ ಸ್ಥಾವರ ರಾಯಚೂರಿನಲ್ಲಿ ಶುರುವಾದದ್ದು 1985ರಲ್ಲಿ. ಅಲ್ಲಿಯವರೆಗೆ ನಮ್ಮ ರಾಜ್ಯ ಮುಖ್ಯವಾಗಿ ನೀರನ್ನೇ ನಂಬಿತ್ತು.

ಮತ್ತೆ ಕಲ್ಲಿದ್ದಲು ಯಾಕೆ ಬಂತು? ಬೇಡಿಕೆ ಬೆಳೆಯಿತು, ಮಳೆ ಮಾತ್ರ ಪ್ರತಿ ವರ್ಷ ಒಂದೇ ಥರ ಬರಲಿಲ್ಲ. ಮಳೆ ಕೈಕೊಟ್ಟ ವರ್ಷ ಅಣೆಕಟ್ಟೂ ಬರಿದು, ಕರೆಂಟೂ ಕಡಿತ. 2023ರಲ್ಲೂ ಇದನ್ನು ನೋಡಿದೆವು. ಮುಂಗಾರು ಕೈಕೊಟ್ಟಿತು, 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಒಂದು ಕಡೆ ನೀರಿನ ಕರೆಂಟು ಕಡಿಮೆಯಾಯಿತು, ಇನ್ನೊಂದು ಕಡೆ ಒಣಗುವ ಬೆಳೆ ಉಳಿಸಲು ಪಂಪ್‌ಸೆಟ್ ಓಡಿಸುವುದು ಜಾಸ್ತಿಯಾಯಿತು. ಅಕ್ಟೋಬರ್ ಹೊತ್ತಿಗೆ ಬೇರೆ ರಾಜ್ಯಗಳಿಂದ ಕರೆಂಟು ತರಿಸಬೇಕಾಯಿತು. ಪಾಠ ಇಷ್ಟೇ: ಒಂದೇ ಮೂಲವನ್ನು ನಂಬಿದರೆ ಆಗದು. ಒಂದೇ ಹಸು ನಂಬಿದ ಮನೆಯಲ್ಲಿ ಹಸು ಬತ್ತಿದ ದಿನ ಕಾಫಿಗೂ ಹಾಲಿಲ್ಲ.

ನಗರಕ್ಕೆ ಇರುವ ನಾಲ್ಕು ದಾರಿಗಳು

1. ಊರೊಳಗೇ ತಯಾರಿಸುವುದು

ಮಾಳಿಗೆ ಮೇಲೆ, ಊರ ಪಕ್ಕದ ಬರಡು ಜಾಗದಲ್ಲಿ ಸೌರ ಫಲಕ ಹಾಕುವುದು ಮೊದಲ ದಾರಿ. ಗುಜರಾತಿನ ಕರಾವಳಿಗೆ ತಾಗಿರುವ ದಿಯು ಎಂಬ ಪುಟ್ಟ ಜಿಲ್ಲೆ ಇದನ್ನು ಮಾಡಿ ತೋರಿಸಿತು. 2011ರ ಜನಗಣತಿಯಂತೆ ಅಲ್ಲಿ ಸುಮಾರು 52,000 ಜನ. ಮೊದಲು ಗುಜರಾತಿನ ಕಡೆಯಿಂದ ಬರುವ ಕರೆಂಟನ್ನೇ ನಂಬಿಕೊಂಡಿದ್ದರು. ಬರಡು ಜಾಗದಲ್ಲಿ ಸೌರ ಘಟಕ ಮಾಡಿದರು, ಸರಕಾರಿ ಕಟ್ಟಡಗಳ ಮತ್ತು ಮನೆಗಳ ಮೇಲೂ ಫಲಕ ಹಾಕಿದರು. 2018ರ ಹೊತ್ತಿಗೆ ಹಗಲು ಹೊತ್ತಿನ ಬೇಡಿಕೆ ಪೂರ್ತಿ ಸೂರ್ಯನಿಂದಲೇ ತುಂಬಿತು. ಆದರೆ ಸಂಜೆ ಸೂರ್ಯ ಮುಳುಗಿದ ಮೇಲೆ? ಮತ್ತೆ ಹೊರಗಿನ ಜಾಲದ ಕರೆಂಟೇ.

ಈ ದಾರಿಯ ಒಳ್ಳೆಯ ಗುಣ: ಯಾರ ಹೊಲವೂ ಬೇಡ, ತಂತಿಯಲ್ಲಿ ಸೋರಿಕೆ ಕಡಿಮೆ, ಬಿಲ್ಲು ಇಳಿಯುತ್ತದೆ. ಮಿತಿ: ಒಂದು ಕಿಲೋವ್ಯಾಟ್ ಫಲಕಕ್ಕೆ ನೆರಳಿಲ್ಲದ ಸುಮಾರು 100 ಚದರಡಿ ಮಾಳಿಗೆ ಬೇಕು. ಅದು ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಹತ್ತು ಅಂತಸ್ತಿನ ಕಟ್ಟಡದಲ್ಲಿ ನಲವತ್ತು ಮನೆ ಇದ್ದರೂ ಮಾಳಿಗೆ ಒಂದೇ. ದೊಡ್ಡ ನಗರಕ್ಕೆ ಇದು ಸಾಲುವುದಿಲ್ಲ.

ಇನ್ನೊಂದು ಮಾತು. 2024ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿ ಮಾಡಿದ್ದರು. ಒಳ್ಳೆಯದೇ. ಆದರೆ ಅದು ಸ್ವಂತ ಗಟ್ಟಿ ಮಾಳಿಗೆ ಇದ್ದವರಿಗೆ. ಬಾಡಿಗೆ ಮನೆಯಲ್ಲಿ, ಶೀಟಿನ ಮನೆಯಲ್ಲಿ ಇರುವ ನಮ್ಮ ಎಷ್ಟೋ ಸದಸ್ಯರಿಗೆ ಅದು ಎಟುಕುವುದಿಲ್ಲ.

2. ನಗರವೇ ಸ್ಥಾವರದ ಒಡೆಯನಾಗುವುದು

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಬರ್ಲಿಂಗ್ಟನ್ ಅಂತ ಒಂದು ಊರಿದೆ. ಜನಸಂಖ್ಯೆ 45,000ದ ಆಸುಪಾಸು. ಅಲ್ಲಿ 1905ರಿಂದ ವಿದ್ಯುತ್ ಇಲಾಖೆ ನಗರಸಭೆಯದ್ದೇ. 1984ರಲ್ಲಿ ಶುರುವಾದ, ಮರದ ಚೂರು ಉರಿಸಿ ನಡೆಯುವ 50 ಮೆಗಾವ್ಯಾಟ್ ಸ್ಥಾವರದಲ್ಲಿ ಅದಕ್ಕೆ ಅರ್ಧ ಪಾಲು ಇದೆ. 2014ರಲ್ಲಿ ಊರ ಪಕ್ಕದ ಸಣ್ಣ ಜಲವಿದ್ಯುತ್ ಘಟಕವನ್ನು ಕೊಂಡಿತು. ಅದರ ಜೊತೆ ಗಾಳಿ ಕರೆಂಟಿನ ಕರಾರೂ ಸೇರಿ, ಬಳಸಿದಷ್ಟನ್ನೂ ನವೀಕರಿಸಬಹುದಾದ ಮೂಲದಿಂದ ತುಂಬಿದ ಅಮೆರಿಕದ ಮೊದಲ ನಗರ ತಾನು ಅಂತ ಹೇಳಿಕೊಂಡಿತು.

ಒಡೆತನ ತಮ್ಮದೇ ಇದ್ದರೆ ದರ, ಲಾಭ, ನಿರ್ಧಾರ ಊರವರ ಕೈಯಲ್ಲಿರುತ್ತದೆ. ಆ ಊರಿನಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಮಿತವ್ಯಯ. ದಶಕಗಳ ಕಾಲ ಮನೆ ಮನೆಗೂ ಹೋಗಿ ಕರೆಂಟು ಉಳಿಸುವ ಕೆಲಸ ಮಾಡಿದ್ದರಿಂದ, 2015ರಲ್ಲೂ ಊರಿನ ಬಳಕೆ 1989ಕ್ಕಿಂತ ಹೆಚ್ಚಾಗಿರಲಿಲ್ಲ. ಆದರೆ ಮರ ಉರಿಸುವುದು ನಿಜವಾಗಿ ಹಸಿರೇ ಅಂತ ಆ ಊರವರೇ ಜಗಳ ಮಾಡುತ್ತಿದ್ದಾರೆ. ಉರಿಸಿದ ಮರ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಹೊಗೆ ಮಾತ್ರ ಇವತ್ತೇ ಬರುತ್ತದೆ. ಸೌದೆ ಒಲೆ ಮುಂದೆ ಕೂತವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

3. ದೂರದ ಘಟಕದ ಜೊತೆ ದೀರ್ಘ ಕರಾರು

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾ. 2021ರ ಗಣತಿಯಂತೆ ಆ ರಾಜಧಾನಿ ಪ್ರದೇಶದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜನ. 2020ರೊಳಗೆ ನೂರಕ್ಕೆ ನೂರು ಮುಟ್ಟುತ್ತೇವೆ ಅಂತ ಅಲ್ಲಿಯ ಸರಕಾರ ಗುರಿ ಇಟ್ಟು, ಮುಟ್ಟಿಯೂ ಮುಟ್ಟಿತು. ಹೇಗೆ? ಟೆಂಡರ್ ಕರೆದರು. ಕಡಿಮೆ ದರಕ್ಕೆ ಒಳ್ಳೆಯ ಯೋಜನೆ ಕೊಟ್ಟ ಗಾಳಿ ಮತ್ತು ಸೌರ ಘಟಕಗಳ ಜೊತೆ 20 ವರ್ಷದ ಕರಾರು ಮಾಡಿಕೊಂಡರು. ಘಟಕಗಳಲ್ಲಿ ಕೆಲವು ಊರ ಹತ್ತಿರ, ಉಳಿದವು ಬೇರೆ ಬೇರೆ ರಾಜ್ಯಗಳಲ್ಲಿ, ನೂರಾರು ಕಿಲೋಮೀಟರ್ ದೂರ.

ಕರಾರಿನ ಬಗೆ ತಿಳಿಯಲು ಅಡಿಕೆಯನ್ನೇ ತೆಗೆದುಕೊಳ್ಳಿ. ಒಬ್ಬ ವ್ಯಾಪಾರಿ ಬಂದು, "20 ವರ್ಷ ನಿಮಗೆ ಇಷ್ಟೇ ದರ. ಪೇಟೆ ದರ ಇದಕ್ಕಿಂತ ಇಳಿದರೆ ಕೊರತೆಯನ್ನು ನಾನು ತುಂಬಿಕೊಡುತ್ತೇನೆ. ಏರಿದರೆ ಹೆಚ್ಚು ಬಂದದ್ದನ್ನು ನೀವು ನನಗೆ ವಾಪಸ್ ಕೊಡಬೇಕು" ಅನ್ನುತ್ತಾನೆ ಅಂತ ಇಟ್ಟುಕೊಳ್ಳಿ. ಕ್ಯಾನ್‌ಬೆರಾ ಮಾಡಿದ್ದು ಇದನ್ನೇ. ಫಲ ಏನಾಯಿತು? ಪೇಟೆ ದರ ತಗ್ಗಿದ್ದ 2021ರಲ್ಲಿ ನಗರ ಕೊರತೆ ತುಂಬಬೇಕಾಗಿ ಬಂತು, ಮನೆಗಳ ದರ ನೂರಕ್ಕೆ ಸುಮಾರು 12ರಷ್ಟು ಏರಿತು. 2022ರಲ್ಲಿ ದೇಶದಲ್ಲೆಲ್ಲ ಕಲ್ಲಿದ್ದಲು, ಅನಿಲದ ಬೆಲೆ ಗಗನಕ್ಕೆ ಹೋದಾಗ ಘಟಕಗಳೇ ನಗರಕ್ಕೆ ಹಣ ವಾಪಸ್ ಕೊಟ್ಟವು. ಬೇರೆ ಊರುಗಳಲ್ಲಿ ಬಿಲ್ಲು ಏರಿತು, ಕ್ಯಾನ್‌ಬೆರಾದಲ್ಲಿ ಸ್ವಲ್ಪ ಇಳಿಯಿತು. ಅಂದರೆ ಈ ಕರಾರು ಲಾಟರಿ ಅಲ್ಲ, ವಿಮೆ. ಒಳ್ಳೆಯ ದಿನ ಸ್ವಲ್ಪ ಕಟ್ಟಬೇಕು, ಕೆಟ್ಟ ದಿನ ಕೈಹಿಡಿಯುತ್ತದೆ.

ಇದೇ ದಾರಿಯಲ್ಲಿ ಎಡವಿದವರೂ ಇದ್ದಾರೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಜಾರ್ಜ್‌ಟೌನ್ ಎಂಬ ಊರು ಒಂದು ದೊಡ್ಡ ಗಾಳಿ ಘಟಕ, ಒಂದು ದೊಡ್ಡ ಸೌರ ಘಟಕದ ಜೊತೆ 20, 25 ವರ್ಷಗಳ ಕರಾರು ಮಾಡಿಕೊಂಡಿತು. ಊರು ಬೆಳೆಯುತ್ತದೆ ಅಂತ ಬೇಕಾದದ್ದಕ್ಕಿಂತ ಹೆಚ್ಚೇ ಕೊಂಡಿತು. ಮಿಕ್ಕದ್ದನ್ನು ಪೇಟೆಯಲ್ಲಿ ಮಾರಿದರಾಯಿತು ಎಂಬ ಲೆಕ್ಕ. ಆದರೆ ಅನಿಲ ಅಗ್ಗವಾಗಿ ಪೇಟೆ ದರ ಬಿದ್ದಿತು. ಹೆಚ್ಚು ದರಕ್ಕೆ ಕೊಂಡದ್ದನ್ನು ಕಡಿಮೆ ದರಕ್ಕೆ ಮಾರಿ 2018ರಲ್ಲಿ ಸುಮಾರು 70 ಲಕ್ಷ ಡಾಲರ್ ಕೊರತೆಯಾಯಿತು. 2019ರಲ್ಲಿ ಆ ಭಾರ ಮನೆಗಳ ಬಿಲ್ಲಿಗೆ ಬಂತು. ಸೂರ್ಯ, ಗಾಳಿಯ ತಪ್ಪೇನೂ ಇಲ್ಲ. ಅಳತೆ ಮೀರಿ ಕೊಂಡದ್ದೇ ತಪ್ಪು. ಸಂಘದಲ್ಲಿ ನಾವು ಸದಾ ಹೇಳುವ ಮಾತು ಇದೇ ಅಲ್ವಾ: ಸಿಗುತ್ತದೆ ಅಂತ ಸಾಲ ಮಾಡಬೇಡಿ, ಬೇಕಾದಷ್ಟೇ ತೆಗೆದುಕೊಳ್ಳಿ.

ಬೆಂಗಳೂರಿನ ಎಷ್ಟೋ ದೊಡ್ಡ ಕಚೇರಿಗಳು ಹಿಡಿದಿರುವುದೂ ಈ ಕರಾರಿನ ದಾರಿಯನ್ನೇ. ಇದಕ್ಕೆ ಓಪನ್ ಆಕ್ಸೆಸ್ ಅನ್ನುತ್ತಾರೆ. ಎಲ್ಲೋ ಇರುವ ಘಟಕದಿಂದ ನೇರವಾಗಿ ಕರೆಂಟು ಕೊಂಡು, ಸರಕಾರಿ ತಂತಿಗೆ ಬಾಡಿಗೆ ಕಟ್ಟುವ ವ್ಯವಸ್ಥೆ. 2022ರ ಕೇಂದ್ರ ನಿಯಮದಂತೆ 100 ಕಿಲೋವ್ಯಾಟ್ ಬೇಡಿಕೆ ಇರುವವರೂ ಹಸಿರು ಕರೆಂಟನ್ನು ಹೀಗೆ ಕೊಳ್ಳಬಹುದು. ಹಾಗಾಗಿ ಮಾಳಿಗೆಯಲ್ಲಿ ಒಂದು ಫಲಕ ಇಲ್ಲದಿದ್ದರೂ ಬೋರ್ಡು ಹಾಕಲು ಬರುತ್ತದೆ.

4. ಪ್ರಮಾಣಪತ್ರ ಕೊಳ್ಳುವುದು

ನಾಲ್ಕನೆಯದು ಬಹಳ ಸುಲಭದ ದಾರಿ. ಸೌರ ಅಥವಾ ಗಾಳಿ ಘಟಕ ಕರೆಂಟನ್ನು ಒಬ್ಬರಿಗೆ ಮಾರುತ್ತದೆ. "ಇದು ಹಸಿರು" ಎಂಬ ಹೆಸರನ್ನು ಪ್ರಮಾಣಪತ್ರ ಮಾಡಿ ಇನ್ನೊಬ್ಬರಿಗೆ ಮಾರುತ್ತದೆ. ನಮ್ಮ ದೇಶದಲ್ಲಿ ಒಂದು ಪ್ರಮಾಣಪತ್ರ ಅಂದರೆ 1,000 ಯೂನಿಟ್. ಇದನ್ನು ಕೊಂಡವರು ಮೊದಲಿನ ಹಾಗೇ ಕರೆಂಟು ಬಳಸುತ್ತಾ, ಲೆಕ್ಕದಲ್ಲಿ ಹಸಿರು ಅಂತ ಬರೆದುಕೊಳ್ಳಬಹುದು.

ಇದರಿಂದ ಹೊಸ ಘಟಕ ಕಟ್ಟುವವರಿಗೆ ಒಂದಿಷ್ಟು ಹಣ ಸಿಗಬಹುದು, ಪೂರ್ತಿ ಸುಳ್ಳು ಅನ್ನಲಾರೆ. ಆದರೆ ಐವತ್ತು ವರ್ಷ ಹಿಂದಿನ ಅಣೆಕಟ್ಟಿನ ಪ್ರಮಾಣಪತ್ರ ಕೊಂಡರೆ ಹೊಸದಾಗಿ ಏನು ಹುಟ್ಟಿತು? ಆ ನೀರು ಹೇಗೂ ಹರಿಯುತ್ತಿತ್ತು, ಚಕ್ರ ಹೇಗೂ ತಿರುಗುತ್ತಿತ್ತು. ಮೇಲೆ ಹೇಳಿದ ಬರ್ಲಿಂಗ್ಟನ್ ಕೂಡ ತನ್ನ ಬೆಲೆಬಾಳುವ ಪ್ರಮಾಣಪತ್ರಗಳನ್ನು ಬೇರೆಯವರಿಗೆ ಮಾರಿ, ಅಗ್ಗದ ಪ್ರಮಾಣಪತ್ರ ಕೊಂಡು ಲೆಕ್ಕ ಸರಿಮಾಡುತ್ತದೆ. ಅದರಿಂದ ಊರವರ ಬಿಲ್ಲು ಹಗುರವಾಗುತ್ತದೆ ನಿಜ. ಆದರೆ ಒಂದೇ ಉಳಿತಾಯವನ್ನು ಎರಡು ಪಾಸ್ ಪುಸ್ತಕದಲ್ಲಿ ಬರೆಯಬಾರದು ಎಂಬ ನಿಯಮ ಇಲ್ಲಿಯೂ ಬೇಕು. ಮಾರಿದ ಮೇಲೆ ಅದು ಕೊಂಡವರ ಲೆಕ್ಕ, ಮಾರಿದವರದ್ದಲ್ಲ.

ವರ್ಷದ ಲೆಕ್ಕ ಸರಿ, ರಾತ್ರಿಯ ಲೆಕ್ಕ?

ಈಗ ಆ ತಾಯಿ ಕೇಳಿದ ರಾತ್ರಿ ಪಾಳಿಯ ಪ್ರಶ್ನೆಗೆ ಬರೋಣ.

ಒಂದು ಸಂಘ ಇದೆ ಅಂತ ಇಟ್ಟುಕೊಳ್ಳಿ. ಮಾರ್ಚ್ ಕೊನೆಗೆ ಲೆಕ್ಕ ಪುಸ್ತಕ ಪೂರ್ತಿ ಸರಿ ಇದೆ. ಜಮೆ ಎಷ್ಟೋ ಖರ್ಚು ಅಷ್ಟೇ. ಆದರೆ ಜೂನ್ ತಿಂಗಳಲ್ಲಿ ಒಬ್ಬ ಸದಸ್ಯೆ ಮಗುವಿನ ಶಾಲೆ ಫೀಸಿಗೆ ಸಾಲ ಕೇಳಿದಾಗ ಪೆಟ್ಟಿಗೆಯಲ್ಲಿ ದುಡ್ಡು ಇರಲಿಲ್ಲ. ಅವಳು ಬಡ್ಡಿ ಅಂಗಡಿಗೆ ಹೋದಳು. ವರ್ಷದ ಲೆಕ್ಕ ಸರಿ ಇದ್ದದ್ದರಿಂದ ಅವಳಿಗೆ ಏನು ಬಂತು?

ನಗರಗಳ ನೂರಕ್ಕೆ ನೂರೂ ಬಹಳಷ್ಟು ಸಲ ಇಂಥ ವರ್ಷದ ಲೆಕ್ಕವೇ. ಕ್ಯಾನ್‌ಬೆರಾದಲ್ಲೂ ಗಾಳಿ ಇಲ್ಲದ ರಾತ್ರಿ ದೀಪ ಉರಿಯುವುದು ಅದೇ ಜಾಲದಿಂದ. ಅದರಲ್ಲಿ ಕಲ್ಲಿದ್ದಲಿನ ಕರೆಂಟೂ ಇರುತ್ತದೆ. ಬೇರೆ ದಿನ ಹೆಚ್ಚು ಹಾಕಿ ಆ ಸಾಲ ತೀರಿಸುತ್ತಾರೆ. ಇದರಿಂದ ಕಲ್ಲಿದ್ದಲು ಉರಿಸುವುದು ಕಡಿಮೆಯಾಗುತ್ತದೆ, ಆದ್ದರಿಂದ ಇದು ಒಳ್ಳೆಯ ಕೆಲಸವೇ. ಆದರೆ ಎಲ್ಲ ನಗರಗಳೂ ಹೀಗೇ ಮಾಡಿದರೆ ಆ ರಾತ್ರಿ ಸಾಲ ಕೊಡಲು ಯಾರು ಉಳಿಯುತ್ತಾರೆ?

ಇದಕ್ಕೆ ಉಪಾಯಗಳಿವೆ. ಒಂದು, ಮೂಲಗಳನ್ನು ಬೆರೆಸುವುದು. ನಮ್ಮ ರಾಜ್ಯದಲ್ಲಿ ಮೋಡ ಕವಿದು ಬಿಸಿಲು ಕಡಿಮೆಯಾಗುವ ಮಳೆಗಾಲದಲ್ಲೇ ಗಾಳಿ ಜೋರು. ಎರಡು, ಅಣೆಕಟ್ಟಿನ ನೀರನ್ನು ಹಗಲು ಹಿಡಿದಿಟ್ಟು ಸಂಜೆಗೆ ಬಿಡುವುದು. ಮೂರು, ಬ್ಯಾಟರಿ. ಗುಜರಾತಿನ ಮೊಢೇರಾ ಎಂಬ ಊರಿನಲ್ಲಿ 2022ರಲ್ಲಿ 6 ಮೆಗಾವ್ಯಾಟ್ ಸೌರ ಘಟಕದ ಜೊತೆ 15,000 ಯೂನಿಟ್ ಕೂಡಿಡುವ ಬ್ಯಾಟರಿ ಇಟ್ಟರು, 1,300ಕ್ಕೂ ಹೆಚ್ಚು ಮನೆಗಳ ಮೇಲೆ ಫಲಕ ಹಾಕಿದರು. ಹಗಲಿನ ಬಿಸಿಲು ರಾತ್ರಿಗೂ ಒದಗಿತು. ನಾಲ್ಕು, ಹೆಚ್ಚಾದ ಕರೆಂಟಿನಿಂದ ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಮತ್ತೆ ಬಿಟ್ಟು ವಿದ್ಯುತ್ ಮಾಡುವುದು. ಇದರಲ್ಲಿ 100 ಯೂನಿಟ್ ಹಾಕಿದರೆ ವಾಪಸ್ ಸಿಗುವುದು 75ರಿಂದ 80. ನಮ್ಮ ಶರಾವತಿ ಕಣಿವೆಯಲ್ಲೇ 2,000 ಮೆಗಾವ್ಯಾಟಿನ ಇಂಥ ಯೋಜನೆ ಮಾಡಬೇಕೆಂದು ಸರಕಾರ ಹೊರಟದ್ದು, ಸಿಂಗಳೀಕಗಳ ಅಭಯಾರಣ್ಯಕ್ಕೆ ಪೆಟ್ಟು ಬೀಳುತ್ತದೆ ಅಂತ ಜನ ವಿರೋಧಿಸಿದ್ದು ನಿಮಗೆಲ್ಲ ಗೊತ್ತು.

ಯಾರ ನೆಲ? ಯಾರ ಬಾಡಿಗೆ?

ಹಿರಿಯರು ಕೇಳಿದ ಪ್ರಶ್ನೆಗೆ ಈಗ ಬಂದೆವು. ನಗರ ತನ್ನ ಕರೆಂಟನ್ನು ತನ್ನೊಳಗೇ ತಯಾರಿಸಲಾರದು ಅಂದ ಮೇಲೆ ಅದು ಎಲ್ಲಿಂದಲೋ ಬರಬೇಕು. ಆ "ಎಲ್ಲಿಂದಲೋ" ಅಂದರೆ ಹಳ್ಳಿ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಖರೀದಿಯನ್ನೂ ಮಾಡಲಿಲ್ಲ. ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಪದೇ ಪದೇ ಬರ ಬೀಳುವ ಸೀಮೆಯಲ್ಲಿ ಎಷ್ಟೋ ರೈತರಿಗೆ ಇದು ಆಸರೆಯಾಯಿತು. ಭೂಮಿಯ ಒಡೆತನವೂ ಅವರಲ್ಲೇ ಉಳಿಯಿತು. ಮುಳುಗಡೆಗಿಂತ ಇದು ಎಷ್ಟೋ ಮೇಲು.

ಆದರೆ ಲೆಕ್ಕದ ಇನ್ನೊಂದು ಪುಟ ನೋಡಿ. ಬಾಡಿಗೆ ಹೋದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಭೂಮಿಯಿಲ್ಲದ ಕೂಲಿ ಹೆಂಗಸರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ. ಫಲಕ ಒರೆಸುವ, ಹುಲ್ಲು ಕೊಯ್ಯುವ, ಕಾವಲಿನ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ.

ಶರಾವತಿಯ ಕಥೆ ನಿಮಗೆ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಆದದ್ದು 1964ರಲ್ಲಿ. ಹಿನ್ನೀರು ಬಂದು ದಾರಿ ಕಳೆದುಕೊಂಡ ತುಮರಿ ಸೀಮೆಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಅರವತ್ತು ವರ್ಷ! ಅಷ್ಟೂ ಕಾಲ ಹೆರಿಗೆ ನೋವು ಬಂದವರೂ ಲಾಂಚ್ ಕಾಯಬೇಕಿತ್ತು. ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ಅಲೆದದ್ದೂ ನಮ್ಮ ಕಣ್ಣ ಮುಂದೆಯೇ ಇದೆ. ನೀರಿನ ಕರೆಂಟಿಗೆ ಹೊಗೆ ಇಲ್ಲ ನಿಜ, ಆದರೆ ಕಣ್ಣೀರು ಇರಲಿಲ್ಲ ಅನ್ನಲಾದೀತೇ?

ನಾಲ್ಕು ಪ್ರಶ್ನೆಗಳ ತಪಾಸಣೆ

ಇನ್ನು ಮುಂದೆ ಯಾವ ನಗರ, ಯಾವ ಕಂಪನಿ "ನಮ್ಮದು ಪೂರ್ತಿ ಹಸಿರು" ಅಂದರೂ ಈ ನಾಲ್ಕು ಪ್ರಶ್ನೆ ಕೇಳಿ.

ಒಂದು: ಯಾವ ಹೊತ್ತಿನ ಲೆಕ್ಕ? ವರ್ಷದ್ದೋ, ದಿನದ್ದೋ, ಗಂಟೆ ಗಂಟೆಯದ್ದೋ? ಸಂಜೆ ಏಳಕ್ಕೆ ಎಲ್ಲಿಂದ ಬರುತ್ತದೆ?

ಎರಡು: ಹೊಸದೋ ಹಳೆಯದೋ? ಇವರಿಂದಾಗಿ ಒಂದು ಹೊಸ ಘಟಕವಾದರೂ ಎದ್ದಿತೇ, ಅಥವಾ ಇದ್ದದ್ದಕ್ಕೇ ಹೆಸರು ಬದಲಾಯಿತೇ?

ಮೂರು: ಯಾರ ಜೇಬು? ದರ ಏರಿದರೆ, ನಷ್ಟವಾದರೆ ಯಾರು ಕಟ್ಟುತ್ತಾರೆ? ಬಡವರ ಬಿಲ್ಲಿಗೆ ರಕ್ಷಣೆ ಇದೆಯೇ?

ನಾಲ್ಕು: ಯಾರ ನೆಲ? ಅವರಿಗೆ, ಆ ನೆಲದಲ್ಲಿ ದುಡಿಯುತ್ತಿದ್ದವರಿಗೆ ಏನು ಸಿಕ್ಕಿತು?

ಈ ನಾಲ್ಕರಲ್ಲಿ ಒರೆಹಚ್ಚಿದರೆ ನನಗೆ ಅನ್ನಿಸುವುದು ಹೀಗೆ. ಒಂದೇ ದಾರಿ ಯಾವ ನಗರಕ್ಕೂ ಸಾಲದು. ಮೊದಲು ಉಳಿತಾಯ. 60 ವ್ಯಾಟಿನ ಹಳೆಯ ಬಲ್ಬಿನ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಬಂದರೆ ಬೆಳಕು ಅಷ್ಟೇ, ಖರ್ಚು ಆರನೇ ಒಂದು ಪಾಲಿಗಿಂತ ಕಡಿಮೆ. ಎರಡನೆಯದು ಮಾಳಿಗೆಗಳು, ಅದರಲ್ಲೂ ಶಾಲೆ, ಆಸ್ಪತ್ರೆ, ಕಚೇರಿಗಳದ್ದು. ಮೂರನೆಯದು, ದೊಡ್ಡ ಪಾಲಿಗೆ, ಗಾಳಿ ಮತ್ತು ಬಿಸಿಲು ಎರಡನ್ನೂ ಬೇರೆ ಬೇರೆ ಜಾಗಗಳಿಂದ ಹಂತ ಹಂತವಾಗಿ ಕೊಳ್ಳುವ ದೀರ್ಘ ಕರಾರು. ಅದರ ಜೊತೆಗೇ ಸಂಜೆಗೆ ಬೇಕಾದ ಕೂಡಿಡುವ ವ್ಯವಸ್ಥೆ. ಪ್ರಮಾಣಪತ್ರ ಕೊನೆಗೆ, ಉಪ್ಪಿನಕಾಯಿಯಷ್ಟು ಮಾತ್ರ. ಕಾಗದದ ಮೇಲಿನ ನೂರಕ್ಕಿಂತ ಗಂಟೆ ಗಂಟೆಗೂ ನಿಜವಾಗುವ ಎಂಬತ್ತು ಮೇಲು ಅಂತ ನನ್ನ ಅಭಿಪ್ರಾಯ.

ಮತ್ತೆ ನೆಲ ಕೊಟ್ಟ ಊರಿನ ಪಾಲು ಕರಾರಿನಲ್ಲೇ ಬರೆದಿರಬೇಕು. ಆಮೇಲೆ ನೋಡೋಣ ಅಂದರೆ ಅರವತ್ತು ವರ್ಷವೂ ಆಗಬಹುದು.

ನಾವೇನು ಮಾಡಬಹುದು?

ನಿಮ್ಮ ಊರಿಗೂ ಸೌರ ಅಥವಾ ಗಾಳಿ ಘಟಕದವರು ಜಮೀನು ಕೇಳಿಕೊಂಡು ಬರಬಹುದು. ಬಂದರೆ ಹೆದರಬೇಡಿ, ಅವಸರವೂ ಬೇಡ. ಕರಾರು ಪತ್ರವನ್ನು ಕನ್ನಡದಲ್ಲಿ ಓದಿಸಿಕೊಳ್ಳಿ. ಎಷ್ಟು ವರ್ಷ, ಬಾಡಿಗೆ ಎಷ್ಟಕ್ಕೊಮ್ಮೆ ಏರುತ್ತದೆ, ಕಂಪನಿ ಕೈ ಬದಲಾದರೆ ಬಾಡಿಗೆ ಕೊಡುವವರು ಯಾರು, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ತೆಗೆದು ಜಮೀನು ಮೊದಲಿನಂತೆ ಮಾಡಿಕೊಡುವವರು ಯಾರು ಅಂತ ಕೇಳಿ. ಮನೆಯ ಯಜಮಾನರೊಬ್ಬರೇ ಹೋಗಿ ಸಹಿ ಹಾಕದಿರಲಿ, ನೀವೂ ಕೂತು ಕೇಳಿಸಿಕೊಳ್ಳಿ. ಕೂಲಿಯವರಿಗೆ ಎಷ್ಟು ಕೆಲಸ, ದನಕುರಿಗೆ ದಾರಿ ಎಲ್ಲಿ, ಊರಿಗೆ ಕರೆಂಟು ಎಷ್ಟು ಗಂಟೆ ಎಂಬುದನ್ನು ಗ್ರಾಮಸಭೆಯಲ್ಲಿ ಎತ್ತಿ, ನಡವಳಿಯಲ್ಲಿ ಬರೆಸಿ.

ಆ ತಾಯಿಗೆ ನಾನು ಕೊಟ್ಟ ಉತ್ತರ ಇದು: "ನಿಮ್ಮ ಮಗಳ ಆಫೀಸಿನ ಬೋರ್ಡು ಸುಳ್ಳು ಅಂತ ಹೇಳಲಾರೆ. ಆದರೆ ಅದು ವರ್ಷದ ಲೆಕ್ಕ. ರಾತ್ರಿಯ ಲೆಕ್ಕವನ್ನೂ ನೆಲದ ಲೆಕ್ಕವನ್ನೂ ಅದೇ ಬೋರ್ಡಿನಲ್ಲಿ ಬರೆಯಲಿ ಅಂತ ಕೇಳೋಣ." ಅಷ್ಟರಲ್ಲಿ ಕರೆಂಟು ಬಂತು. ಹಿರಿಯರು, "ನಮ್ಮ ನಿರ್ಣಯ ಪುಸ್ತಕದಲ್ಲೂ ಇದನ್ನ ಬರೀರಿ" ಅಂದರು. ಬರೆದೆವು.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನ ನೀರು, ಗಾಳಿ, ಬಿಸಿಲು ಯಾವುದರಿಂದಾದರೂ ಬೇರೆ ಊರಿಗೆ ಕರೆಂಟು ಹೋಗುತ್ತಿದೆಯೇ? ಅದಕ್ಕೆ ನಮಗೆ ಏನು ಸಿಕ್ಕಿದೆ?

2. ನಮ್ಮ ಸಂಘದಲ್ಲಿ ಸ್ವಂತ ಮಾಳಿಗೆ ಇರುವವರು ಎಷ್ಟು ಜನ? ಇಲ್ಲದವರಿಗೆ ಶಾಲೆ ಅಥವಾ ಸಮುದಾಯ ಭವನದ ಮಾಳಿಗೆಯಿಂದ ಪ್ರಯೋಜನ ಸಿಗುವಂತೆ ಪಂಚಾಯತಿಗೆ ಏನು ಕೇಳಬಹುದು?

3. ನಿಮ್ಮ ಮನೆಯ ಪಹಣಿಯಲ್ಲಿ ಯಾರ ಹೆಸರಿದೆ? ನಾಳೆ ಬಾಡಿಗೆ ಬಂದರೆ ಅದು ಯಾರ ಕೈಗೆ ಬರುತ್ತದೆ?